ಕಾರು ಇಳಿಸಲು ಮೂರು ದಾರಿ, ನಮ್ಮನೆಗೆ ಒಂದೇ ದಾರಿ

ಕಾರು ಇಳಿಸುವುದು ಅಂದರೆ ಸ್ಪ್ರಿಂಗ್ ಗಿಡ್ಡ ಮಾಡಿ ಕಾರಿನ ಮೈಯನ್ನು ನೆಲಕ್ಕೆ ಹತ್ತಿರ ತರುವುದು. ಮೊದಲೇ ಹೇಳಿಬಿಡುತ್ತೇನೆ. ನನ್ನ ಸ್ವಿಫ್ಟ್ ಈಗ ಕಂಪನಿ ಸ್ಪ್ರಿಂಗ್ ಮೇಲೆಯೇ ನಿಂತಿದೆ. ಗಾಲಿ ಮಾತ್ರ ಬೇರೆ. ಉಳಿದದ್ದನ್ನೆಲ್ಲ ಮಾಡಿ, ದುಡ್ಡು ಸುರಿದು, ಕೊನೆಗೆ ಇಲ್ಲಿಗೇ ಬಂದು ನಿಂತಿದ್ದೇನೆ. ಕತ್ತರಿಸಿದ ಹಳೇ ಸ್ಪ್ರಿಂಗ್‌ಗಳು ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿವೆ. ಅದರಲ್ಲಿ ಒಂದನ್ನು ಆಯಿ ಹಿತ್ತಿಲ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡುತ್ತಾಳೆ. ಆಮೇಲೆ ತಂದ ಕೆಂಪು ಬಣ್ಣದ ಲೋವರಿಂಗ್ ಸ್ಪ್ರಿಂಗ್ ಸೆಟ್ ಅಟ್ಟದ ಮೇಲೆ ಗಿರಾಕಿ ಕಾಯುತ್ತಿದೆ.

ಮನೆ ಶಿರಸಿ ಹತ್ತಿರದ ಹಳ್ಳಿ, ಕೆಲಸ ಕಾರವಾರದಲ್ಲಿ. ಸೋಮವಾರ ಬೆಳಿಗ್ಗೆ ದೇವಿಮನೆ ಘಟ್ಟ ಇಳಿಯುವುದು, ಶುಕ್ರವಾರ ಸಂಜೆ ಹತ್ತುವುದು. ಕಾರವಾರದಲ್ಲಿ ಗೋವಾ ನಂಬರಿನ ಕಾರುಗಳು ನೆಲಕ್ಕೆ ಅಂಟಿದ ಹಾಗೆ ಓಡಾಡುವುದು ದಿನವೂ ಕಣ್ಣಿಗೆ ಬೀಳುತ್ತದೆ. ನನ್ನದು 2019ರ ವಿಎಕ್ಸ್ಐ ಮಾದರಿ, 14 ಇಂಚಿನ ಕಬ್ಬಿಣದ ಡಿಸ್ಕ್ (ಟೈರ್ ಕೂರುವ ರಿಮ್). ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಆಡಿಸುವಷ್ಟು ಜಾಗ. ಪಂಚೆ ಮೇಲೆ ಕಟ್ಟಿ ಗದ್ದೆಗೆ ಇಳಿದವರ ಹಾಗೆ ಕಾಣುತ್ತಿತ್ತು. ಆ ಗ್ಯಾಪ್ ಒಂದು ಮುಚ್ಚಿದರೆ ಸಾಕು ಅನ್ನೋದೇ ನನ್ನ ಆಸೆ.

ಮೊದಲು ಅಗ್ಗದ ದಾರಿ ಹಿಡಿದೆ, ಸ್ಪ್ರಿಂಗ್ ಕಟ್ ಮಾಡಿಸಿದೆ. ಕರಾವಳಿಯ ಒಂದು ಗ್ಯಾರೇಜಿನಲ್ಲಿ 1,800 ರೂಪಾಯಿ ಕೂಲಿ, ಅರ್ಧ ದಿನದ ಕೆಲಸ. ಗ್ರೈಂಡರ್ ಹಿಡಿಯುವ ಮೊದಲು ಮೆಕ್ಯಾನಿಕ್ ಒಂದು ಮಾತು ಹೇಳಿದ್ದ: "ಹೆಗ್ಡೇರೇ, ಕತ್ತರಿಸಿದ್ದು ಮತ್ತೆ ಬೆಳೆಯೋದಿಲ್ಲ, ಯೋಚನೆ ಮಾಡಿ." ಮಾಡಲಿಲ್ಲ.

ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಆರು ಸುತ್ತು ಕೆಲಸ ಮಾಡುತ್ತಿದ್ದ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಬಿಗಿ ಸುಮಾರು 20% ಜಾಸ್ತಿ. ಅಷ್ಟಾದರೆ ಸಹಿಸಬಹುದಿತ್ತು. ತೊಂದರೆ ಬೇರೆ ಕಡೆ ಇತ್ತು. ಪಂಕ್ಚರ್ ಆಗಿ ಜಾಕ್ ಕೊಟ್ಟು ಎತ್ತಿದಾಗ ಮುಂದಿನ ಸ್ಪ್ರಿಂಗನ್ನು ಕೈಯಲ್ಲೇ ತಿರುಗಿಸಲು ಬಂತು! ಗಾಲಿ ಪೂರ್ತಿ ಕೆಳಗಿಳಿದರೆ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಕೂರುತ್ತಲೇ ಇಲ್ಲ. ಹಂಪ್ ದಾಟುವಾಗ ಬರುತ್ತಿದ್ದ 'ಟಕ್' ಶಬ್ದ ಎಲ್ಲಿಯದು ಅಂತ ಆವತ್ತು ಗೊತ್ತಾಯಿತು. ಘಟ್ಟದ ತಿರುವಿನಲ್ಲಿ ಹಾಗೆ ಸಡಿಲವಾದ ಸ್ಪ್ರಿಂಗ್ ಸೀಟು ಬಿಟ್ಟು ಓರೆಯಾಗಿ ಕೂತರೆ? ಮರುದಿನವೇ ಬಿಚ್ಚಿಸಿದೆ. ಇದನ್ನು ಮಾಡಿಸಿ ಅಂತ ಯಾರಿಗೂ ಹೇಳುವುದಿಲ್ಲ, ಎಷ್ಟೇ ಅಗ್ಗವಾದರೂ.

ಆಗಲೇ ಕಂಪನಿ ಸ್ಪ್ರಿಂಗ್ ಹಾಕಿಸಿಬಿಡಬೇಕಿತ್ತು. ಆದರೆ ಹುಚ್ಚು ಇಳಿದಿರಲಿಲ್ಲ. 22,000 ಕೊಟ್ಟು ಲೋವರಿಂಗ್ ಸ್ಪ್ರಿಂಗ್ ತರಿಸಿದೆ. ಕಾರಿನ ಅಳತೆಗೇ ಮಾಡಿದ್ದು, 35 ಮಿ.ಮೀ. ಇಳಿಸುತ್ತದೆ. ಸುಳ್ಳು ಯಾಕೆ ಹೇಳಲಿ, ಓಡಿಸಲು ಚೆನ್ನಾಗಿತ್ತು. ದೇವಿಮನೆಯ ತಿರುವುಗಳಲ್ಲಿ ಕಾರು ವಾಲುವುದೇ ನಿಂತುಹೋಯಿತು. ಅಂಕೋಲಾದಿಂದ ಕಾರವಾರದವರೆಗೆ ಹೆದ್ದಾರಿಯಲ್ಲಿ ಹಳಿ ಮೇಲೆ ಹೋದ ಹಾಗೆ. ಆಫೀಸಿನ ಹುಡುಗರು ಫೋಟೋ ತೆಗೆದುಕೊಂಡರು. ಎರಡು ತಿಂಗಳು ಖುಷಿಯಲ್ಲೇ ಇದ್ದೆ.

ಆಮೇಲೆ ಶುರುವಾಯಿತು ನಮ್ಮನೆ ದಾರಿಯ ಕಥೆ.

ಡಾಂಬರು ರಸ್ತೆಯಿಂದ ನಮ್ಮ ಅಂಗಳಕ್ಕೆ ಆರುನೂರು ಮೀಟರ್ ಮಣ್ಣಿನ ದಾರಿ. ಒಂದು ಕಡೆ ತೋಟ, ಇನ್ನೊಂದು ಕಡೆ ಎತ್ತರದ ಮಣ್ಣಿನ ಧರೆ. ಟ್ರ್ಯಾಕ್ಟರ್, ಪಿಕಪ್ ಓಡಾಡಿ ಎರಡು ಗಾಲಿ ಜಾಡು ಆಳ ಬಿದ್ದಿವೆ. ನಡುವೆ ದಿಬ್ಬ, ದಿಬ್ಬದ ಮೇಲೆ ಹುಲ್ಲು. ಮಳೆಗಾಲ ಮುಗಿಯುವಷ್ಟರಲ್ಲಿ ಜಾಡಿನ ಮಣ್ಣು ಕೊಚ್ಚಿಹೋಗಿ ದಿಬ್ಬ ಇನ್ನೂ ಎತ್ತರವಾಗುತ್ತದೆ. ಹುಲ್ಲಿನೊಳಗೆ ಚಿರೆಕಲ್ಲಿನ ತುಂಡುಗಳು. ಮೇಲಿಂದ ನೋಡಿದರೆ ಹಸಿರು ಮೆತ್ತೆ ಹಾಸಿದ ಹಾಗೆ, ಕೆಳಗೆ ಕಲ್ಲು.

ಈ ಸ್ವಿಫ್ಟಿಗೆ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಹೊಟ್ಟೆಯ ಎತ್ತರ, 163 ಮಿ.ಮೀ. ಅದರಲ್ಲಿ 35 ಕಳೆದರೆ 128. ಅದು ಖಾಲಿ ಕಾರಿನ ಲೆಕ್ಕ. ನಾನೊಬ್ಬನೇ ಇದ್ದಾಗ ನಿಧಾನ ಹೋದರೆ ಹುಲ್ಲು ಸವರುವ ಸದ್ದು ಅಷ್ಟೇ. ಅಪ್ಪ, ಆಯಿ, ಹೆಂಡತಿ ಹತ್ತಿ, ಡಿಕ್ಕಿಯಲ್ಲಿ ಒಂದು ಚೀಲ ಅಡಿಕೆ ಹಾಕಿ ಸ್ಕೇಲು ಹಿಡಿದು ನೋಡಿದೆ. ಎಂಜಿನ್ ಅಡಿಯ ಎಣ್ಣೆ ತೊಟ್ಟಿ, ಆಯಿಲ್ ಚೇಂಬರಿನ ಕೆಳಗೆ ಉಳಿದದ್ದು 95 ಮಿ.ಮೀ. ದಿಬ್ಬ ಅಳೆದೆ, 110. ಆ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಕಾಗಲಿಲ್ಲ.

ಹಾಗಾಗಿ ಹೊಸ ಪದ್ಧತಿ ಶುರುವಾಯಿತು. ಎಡಗಾಲಿ ದಿಬ್ಬದ ಮೇಲೆ, ಬಲಗಾಲಿ ಧರೆ ಬದಿಯ ಅಂಚಿನ ಮೇಲೆ ಇಟ್ಟು, ಕಾರನ್ನು ಓರೆ ಮಾಡಿಕೊಂಡು ಬರುವುದು. ಮೋರಿ ಬಂದ ಕಡೆ ಆ ಉಪಾಯ ನಡೆಯುವುದಿಲ್ಲ. ಅಲ್ಲಿ ಎಲ್ಲರೂ ಇಳಿಯಬೇಕು. ಆಯಿ ಮೊಣಕಾಲು ನೋವು ಹಿಡಿದುಕೊಂಡು ಇಳಿಯುವುದು, ನಾನು ಖಾಲಿ ಕಾರು ದಾಟಿಸುವುದು, ಮತ್ತೆ ಅವಳು ಹತ್ತುವುದು. ಪಕ್ಕದ ಮನೆ ಮಾವ ತೋಟದಿಂದಲೇ ನೋಡಿ, "ಎಂತದಾ ತಮಾ, ಕಾರು ಹಾವಿನಂಗೆ ಹೊಟ್ಟೆ ಎಳ್ಕತ್ತ ಹೋಗ್ತಲಾ" ಅಂದರು. ಅವರ ಹತ್ತು ವರ್ಷದ ಹಳೇ ವ್ಯಾನು ಅದೇ ಮೋರಿಯನ್ನು ದಿನಕ್ಕೆ ನಾಲ್ಕು ಸಲ ದಾಟುತ್ತದೆ.

ದಾರಿಯ ಹಂಪ್‌ಗಳ ಕಥೆಯೂ ಇದೇ. ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಸ್ವಿಫ್ಟಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ದೂರ, ಅಂದರೆ ವೀಲ್‌ಬೇಸ್, 2.45 ಮೀಟರ್. ಅಂದರೆ ನಾಲ್ಕೂ ಗಾಲಿ ಆ ಹಂಪಿನ ಮೇಲೆಯೇ ನಿಲ್ಲುತ್ತವೆ, ಹೊಟ್ಟೆ ಕೆಳಗಿನ ಜಾಗದಲ್ಲಿ ಕಮಾನು ನುಂಗುವುದು ಬರೀ 44 ಮಿ.ಮೀ. ಅಂಥ ಹಂಪನ್ನು ಇಳಿಸಿದ ಕಾರೂ ಆರಾಮಾಗಿ ದಾಟುತ್ತದೆ. ಆದರೆ ಊರವರು ಒಂದು ಬುಟ್ಟಿ ಜಲ್ಲಿ, ಎರಡು ಬುಟ್ಟಿ ಡಾಂಬರು ಸುರಿದು ರಾತ್ರೋರಾತ್ರಿ ಮಾಡಿದ ಹಂಪ್ ಇರುತ್ತದಲ್ಲ, ಒಂದಡಿ ಅಗಲದ್ದು? ಮುಂದಿನ ಗಾಲಿ ಆಗಲೇ ಆಚೆ ಇಳಿದಿರುತ್ತದೆ, ಅದರ ಎತ್ತರ ಪೂರ್ತಿ ಹೊಟ್ಟೆಗೇ ಬರುತ್ತದೆ. ನನ್ನ ದಾರಿಯಲ್ಲಿ ಜಾಸ್ತಿ ಇರೋದು ಈ ಜಾತಿಯವೇ.

ಕೊನೆಗೆ ಆಗಬೇಕಾದದ್ದೇ ಆಯಿತು. ದೀಪಾವಳಿ ಹಿಂದಿನ ದಿನ, ಕತ್ತಲಲ್ಲಿ, ನಮ್ಮನೆ ದಾರಿಯಲ್ಲೇ ಒಂದು ಚಿರೆಕಲ್ಲು ಚೇಂಬರಿಗೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಮೋರಿಯಿಂದ ಅಂಗಳದವರೆಗೆ ಕಪ್ಪು ಎಣ್ಣೆಯ ಗೆರೆ. ಪುಣ್ಯಕ್ಕೆ ಎಂಜಿನ್ ಉಳಿಯಿತು. ಇನ್ಶೂರೆನ್ಸಿನವರಿಗೆ ಫೋನ್ ಮಾಡಿದೆ. ಸರ್ವೇಯರ್ ಬಂದವರು ಕಾರಿನ ಅಡಿಗೆ ತಲೆ ಹಾಕಿ, ಚೇಂಬರಿನ ಒಂದು ಫೋಟೋ, ಕೆಂಪು ಸ್ಪ್ರಿಂಗಿನ ಮೂರು ಫೋಟೋ ತೆಗೆದರು. ಎದ್ದು ಮೊಣಕಾಲು ಝಾಡಿಸಿಕೊಂಡು, "ಈ ಬದಲಾವಣೆ ಪಾಲಿಸಿಯಲ್ಲಿ ತಿಳಿಸಿದ್ದೀರಾ ಸರ್?" ಅಂದರು. ಇಲ್ಲ. ಕ್ಲೇಮು ಅಲ್ಲಿಗೇ ಮುಗಿಯಿತು.

ಆಮೇಲೇ ನಾನು ಕಾನೂನು ಓದಲು ಕೂತಿದ್ದು. ಮೊದಲೇ ಓದಬೇಕಿತ್ತು, ಸರಿ. ಗೆಳೆಯರೆಲ್ಲ ಹೇಳುತ್ತಿದ್ದ ಮಾತು ಒಂದೇ: "ಆರ್‌ಸಿಯಲ್ಲಿ ಕಾರಿನ ಎತ್ತರ ಬರೆದಿರೋದಿಲ್ಲ, ಯಾರೂ ಕೇಳೋದಿಲ್ಲ." ನಿಜ, ಆರ್‌ಸಿಯಲ್ಲಿ ಬಣ್ಣ, ಸಿಸಿ, ಸೀಟು, ಖಾಲಿ ತೂಕ, ವೀಲ್‌ಬೇಸ್ ಇರುತ್ತದೆ, ಗ್ರೌಂಡ್ ಕ್ಲಿಯರೆನ್ಸ್ ಇರುವುದಿಲ್ಲ. ಜಪಾನಿನಲ್ಲಾದರೆ ತಪಾಸಣೆಗೆ ಹೋದ ಕಾರು ನೆಲದಿಂದ 9 ಸೆಂ.ಮೀ. ಮೇಲಿರಬೇಕು ಅಂತ ನೇರ ಲೆಕ್ಕ ಇದೆ. ನಮ್ಮಲ್ಲಿ ಗ್ರೌಂಡ್ ಕ್ಲಿಯರೆನ್ಸಿಗೆ ಒಂದು ಅಂಕಿ ನನ್ನ ಕಣ್ಣಿಗೆ ಬಿದ್ದದ್ದು ಜಿಎಸ್‌ಟಿಯಲ್ಲಿ. 4 ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ಜೊತೆಗೆ 170 ಮಿ.ಮೀ. ಅಥವಾ ಅದಕ್ಕೂ ಎತ್ತರ ಇದ್ದರೆ ಎಸ್‌ಯುವಿ ಲೆಕ್ಕಕ್ಕೆ ಸೇರಿ 2025ರ ಸೆಪ್ಟೆಂಬರ್‌ವರೆಗೆ ತೆರಿಗೆ ಜಾಸ್ತಿ ಇತ್ತು. ಅದು ಮಾರುವವರ ತಲೆನೋವು, ಇಳಿಸುವವರಿಗೆ ಸಂಬಂಧವಿಲ್ಲ.

ಇಳಿಸುವವರಿಗೆ ಸಂಬಂಧಪಟ್ಟದ್ದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಆರ್‌ಸಿಯ ವಿವರ ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿ ಬದಲಾಯಿಸಬಾರದು ಅನ್ನುತ್ತದೆ ಅದು. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿತು, ತಯಾರಕರ ಮೂಲ ಅಳತೆಗೆ ಹೊಂದದ ಬದಲಾವಣೆಗೆ ಅವಕಾಶವಿಲ್ಲ ಅಂತ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಕಾಯ್ದೆ ಒಪ್ಪದ ಹಾಗೆ ಗಾಡಿ ಬದಲಾಯಿಸಿದರೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. 'ಒಂದೊಂದಕ್ಕೂ' ಅನ್ನೋದನ್ನು ಗಮನಿಸಿ. ಸ್ಪ್ರಿಂಗ್ ಜೊತೆ ಸದ್ದು ಮಾಡುವ ಸೈಲೆನ್ಸರೂ ಹಾಕಿಸಿದವರು ಎರಡು ಸಲ ಎಣಿಸಬೇಕು.

ಎಲ್ಲ ಸೇರಿಸಿ ನನಗೆ ಅರ್ಥವಾದದ್ದು ಇಷ್ಟು. ಇಷ್ಟು ಮಿ.ಮೀ. ಇಳಿಸಬಹುದು ಅಂತ ನಮ್ಮಲ್ಲಿ ಯಾರೂ ಬರೆದುಕೊಟ್ಟಿಲ್ಲ, ಕಂಪನಿ ಕೊಟ್ಟ ಎತ್ತರವನ್ನೇ ಮಿತಿ ಅಂದುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ಖಾಸಗಿ ಕಾರಿಗೆ ಮೊದಲ 15 ವರ್ಷ ಆರ್‌ಟಿಒ ತಪಾಸಣೆ ಇಲ್ಲದ ಕಾರಣ ಸಿಕ್ಕಿಬೀಳುವವರು ಕಡಿಮೆ, ಅದೂ ನಿಜ. ನಾನೂ ಪೊಲೀಸರ ಕೈಗೆ ಸಿಕ್ಕಿರಲಿಲ್ಲ. ನನ್ನನ್ನು ಹಿಡಿದುಕೊಟ್ಟದ್ದು ನಮ್ಮನೆ ಕಲ್ಲು.

ಮೂರನೇ ದಾರಿ ಕಾಯಿಲೋವರ್, ಅಂದರೆ ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಕೂರಿಸಿದ, ಎತ್ತರ ಬದಲಾಯಿಸಬಹುದಾದ ಸೆಟ್. ಅದರ ಬಗ್ಗೆ ಜಾಸ್ತಿ ಹೇಳಲಾರೆ. ಬೆಳಗಾವಿಯ ಗೆಳೆಯನ ಕಾರಲ್ಲಿ ಒಂದು ದಿನ ಓಡಿಸಿದ್ದೇನೆ. ಎತ್ತರವನ್ನು ಸ್ಪ್ಯಾನರ್ ಹಿಡಿದು ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು, ಗುಣ ಉಳಿದೆರಡಕ್ಕಿಂತ ಮೇಲು. ಬೆಲೆ ಕೇಳಿ ಕಾರಿನಿಂದ ಇಳಿದೆ. ಅವನು ಲಕ್ಷದ ಹತ್ತಿರ ಕೊಟ್ಟಿದ್ದಾನೆ. ನಮ್ಮ ಮಳೆ, ಮಣ್ಣು, ಕಡಲ ಉಪ್ಪುಗಾಳಿಗೆ ಆ ತಿರುಪುಗಳು ಎರಡು ವರ್ಷದಲ್ಲಿ ತುಕ್ಕು ಹಿಡಿದು ತಿರುಗದೇ ಕೂರುತ್ತವೆ ಅನ್ನೋದು ನನ್ನ ಅನುಮಾನ. ಕಾನೂನಿನ ಗೊಡವೆ ಇದಕ್ಕೂ ಅಷ್ಟೇ.

ಇನ್ನು ನನ್ನ ಮೆಚ್ಚಿನದು. ಕಂಪನಿ ಸ್ಪ್ರಿಂಗ್ ನಾಲ್ಕೂ ಹೊಸದು, ಕೂಲಿ ಸೇರಿ ಹತ್ತಿರ ಒಂಬತ್ತು ಸಾವಿರ. ಜೊತೆಗೆ ಇದೇ ಕಾರಿನ ದುಬಾರಿ ಮಾದರಿ ಝಡ್ಎಕ್ಸ್ಐಗೆ ಕಂಪನಿಯೇ ಹಾಕುವ 15 ಇಂಚಿನ ಅಲಾಯ್ ಡಿಸ್ಕ್, ಕುಮಟಾದಲ್ಲಿ ಒಬ್ಬರಿಂದ ಸೆಕೆಂಡ್‌ಹ್ಯಾಂಡ್ 16,000ಕ್ಕೆ ಸಿಕ್ಕಿತು. ಟೈರ್ ಹೊಸದು. ನನ್ನ ಹಳೇ ಅಳತೆ 165/80 ಆರ್14, ಈಗ 185/65 ಆರ್15 (ಮೊದಲನೆಯದು ಟೈರಿನ ಅಗಲ ಮಿ.ಮೀ.ಗಳಲ್ಲಿ, ಎರಡನೆಯದು ಟೈರಿನ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅಂತ, ಕೊನೆಯದು ಡಿಸ್ಕಿನ ಇಂಚು). ಗಾಲಿಯ ಒಟ್ಟು ವ್ಯಾಸ ಲೆಕ್ಕ ಹಾಕಿ, ಮೊದಲನೆಯದು ಸುಮಾರು 620 ಮಿ.ಮೀ., ಎರಡನೆಯದು 621 ಚಿಲ್ಲರೆ. ಹಾಗಾಗಿ ಎತ್ತರ ಬದಲಾಗಿಲ್ಲ, ಸ್ಪೀಡೋಮೀಟರೂ ಸುಳ್ಳು ಹೇಳುವುದಿಲ್ಲ. ಆದರೆ ಟೈರ್ 20 ಮಿ.ಮೀ. ಅಗಲ, ಡಿಸ್ಕ್ ದೊಡ್ಡದು. ಮಡ್‌ಗಾರ್ಡ್ ತುಂಬಿದ ಹಾಗೆ ಕಾಣುತ್ತದೆ. ಗ್ಯಾಪ್ ಹೋಗಿದೆಯಾ? ಇಲ್ಲ, ಅಳೆದರೆ ಅಷ್ಟೇ ಇದೆ. ಕಣ್ಣಿಗೆ ಮಾತ್ರ ಅರ್ಧ ಆಗಿದೆ. ನನಗೆ ಅಷ್ಟು ಸಾಕು.

ಘಟ್ಟದ ತಿರುವಿನಲ್ಲಿ ಮತ್ತೆ ಸ್ವಲ್ಪ ವಾಲುತ್ತದೆ. ಕೆಂಪು ಸ್ಪ್ರಿಂಗಿನ ಆ ಬಿಗಿ ನೆನಪಾಗುತ್ತದೆ, ಹೊಟ್ಟೆಯುರಿಯುತ್ತದೆ. ಮೋರಿ ಬಂದಾಗ ಆಯಿ ಸೀಟಿನಲ್ಲೇ ಕೂತಿರುತ್ತಾಳೆ. ಮಾವ ತೋಟದಿಂದ ತಲೆ ಎತ್ತುವುದಿಲ್ಲ.

ಅಟ್ಟದ ಮೇಲಿನ ಸೆಟ್ಟಿಗೆ 12,000 ಹೇಳಿದ್ದೇನೆ. ಮಡಗಾಂವ್‌ನ ಹುಡುಗ ಒಬ್ಬ ಹೋದ ವಾರ ಫೋನ್ ಮಾಡಿದ್ದ, ಭಾನುವಾರ ಬಂದು ತೆಗೆದುಕೊಂಡು ಹೋಗುತ್ತಾನಂತೆ. ಅವನ ಕಾರು ಈಗಾಗಲೇ ಇಳಿಸಿದ್ದು. ಡಾಂಬರು ರಸ್ತೆಯಲ್ಲೇ ನಿಲ್ಲಿಸಿ ನಡೆದುಕೊಂಡು ಬಾ ಅಂತ ಹೇಳಿದ್ದೇನೆ.