ಲಕ್ವ ಹೊಡೆದ ಮೇಲೆ ಒಂದೇ ಕೈಯಲ್ಲಿ ಬಟ್ಟೆ: ಗುಂಡಿಯೋ ವೆಲ್ಕ್ರೋವೋ, ಪಂಚೆಯೋ ಪೈಜಾಮವೋ

ಬಟ್ಟೆಗಿಂತ ಮೊದಲು ಕುರ್ಚಿ ನೋಡಿ. ಮೈಸೂರಿನ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಕೈಯಿರುವ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು.

ಅಂಗಿಗೆ ಹೋಲಿಸಿ ನೋಡಿದ್ದು ಮೂರು: ಮಾಮೂಲಿ ಗುಂಡಿ ಮತ್ತು ಬಟನ್ ಹುಕ್, ಟಿಚ್ ಬಟನ್, ವೆಲ್ಕ್ರೋ. ಟಿಚ್ ಬಟನ್ ಬೇಡ. ಅದನ್ನು ಒತ್ತಲು ಹಿಂದಿನಿಂದ ಇನ್ನೊಂದು ಬೆರಳಿನ ಆಸರೆ ಬೇಕು, ಇಲ್ಲದಿದ್ದರೆ ಎದೆಮೂಳೆಗೆ ಒತ್ತಿ ನೋಯುತ್ತದೆ. ಬಟನ್ ಹುಕ್ ಎಂದರೆ ಹಿಡಿಯ ತುದಿಗೆ ತಂತಿಯ ಕುಣಿಕೆ. ಅದನ್ನು ಕಾಜಾದೊಳಗೆ ತೂರಿಸಿ ಗುಂಡಿಗೆ ಸಿಕ್ಕಿಸಿ ಎಳೆಯಬೇಕು. ಇರುವ ಅಂಗಿಗಳೇ ಸಾಕು ಎನ್ನುವುದು ಇದರ ದೊಡ್ಡ ಅನುಕೂಲ. ಗಂಜಿ ಹಾಕಿದ ಹೊಸ ಅಂಗಿಯ ಕಾಜಾ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಮೊದಲ ತಿಂಗಳುಗಳಿಗೆ ವೆಲ್ಕ್ರೋವೇ ಸರಿ. ಒರಟು ಪಟ್ಟಿ ಕೆಳಗಿನ ಮಡಿಕೆಯಲ್ಲಿ ಹೊರಮುಖವಾಗಿರಲಿ, ತಿರುಗಿಸಿ ಹೊಲಿದರೆ ಮೈ ಕೆರೆಯುತ್ತದೆ. ಗುಂಡಿಗಳನ್ನು ಮೇಲ್ಮಡಿಕೆಯ ಹೊರಗೇ ಹೊಲಿಸಿದರೆ ನೋಡುವವರಿಗೆ ಅದು ಮಾಮೂಲಿ ಅಂಗಿಯೇ. ಕೆಳಗಿನಿಂದ ಅಂಟಿಸುತ್ತಾ ಬನ್ನಿ, ಒಂದು ಪಟ್ಟಿ ತಪ್ಪಿದರೆ ಇಡೀ ಎದೆ ಸೊಟ್ಟ. ಮುಚ್ಚಿಯೇ ಒಗೆಯಿರಿ, ಇಲ್ಲವಾದರೆ ನೂಲು ತುಂಬಿಕೊಂಡು ಹಿಡಿತ ಹೋಗುತ್ತದೆ.

ಯಾವುದಾದರೂ ಹಾಕುವ ಕ್ರಮ ಒಂದೇ. ಅಂಗಿಯ ಒಳಮೈ ಮೇಲಾಗಿ, ಕಾಲರ್ ಎದೆಯ ಕಡೆ ಬರುವಂತೆ ತೊಡೆಯ ಮೇಲೆ ಹರಡಿ. ಸೋತ ಕೈಯನ್ನು ಮೊಣಕಾಲುಗಳ ನಡುವೆ ತೋಳಿನೊಳಗೆ ಇಳಿಬಿಟ್ಟು, ಬಟ್ಟೆಯನ್ನು ಮೊಣಕೈ ದಾಟಿಸಿ ಭುಜದವರೆಗೆ ಎಳೆಯಿರಿ. ಮೊಣಕೈಯಲ್ಲೇ ನಿಂತರೆ ಬೆನ್ನ ಹಿಂದೆ ಬಟ್ಟೆ ಸಾಲುವುದಿಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ. ಆಮೇಲೆ ಕಾಲರ್ ಹಿಡಿದು ಹಿಂದಿನಿಂದ ತಂದು ಒಳ್ಳೇ ಕೈ ತೂರಿಸಿ. ಬಿಚ್ಚುವಾಗ ಒಳ್ಳೇ ಕೈ ಮೊದಲು. ಸಹಾಯಕ್ಕೆ ನಿಂತವರು ದಯವಿಟ್ಟು ಸೋತ ಕೈ ಹಿಡಿದು ಎಳೆಯಬೇಡಿ, ಸಡಿಲವಾದ ಭುಜದ ಕೀಲು ಜಾರಬಹುದು. ಎಡಗಡೆಯ ಅರಿವೇ ತಪ್ಪಿದವರಿಗೆ ಎಡತೋಳಿನ ಒಳಗೆ ಕೆಂಪು ದಾರದ ಗುರುತು ಹೊಲಿಯಿರಿ.

ಕೆಳಗೆ ಏನು? ಮಂಡ್ಯದ ಕಡೆ ಹಿರಿಯರಿಗೆ ಪಂಚೆ ಬಿಟ್ಟು ಬೇರೆ ಒಗ್ಗುವುದಿಲ್ಲ, ಆದರೆ ಗಂಟಿಗೆ ಎರಡು ಕೈ ಬೇಕು. ವೆಲ್ಕ್ರೋ ಪಂಚೆಯನ್ನು ಕುರ್ಚಿಯ ಮೇಲೆ ಹರಡಿ, ಅದರ ಮೇಲೆ ಕೂತು, ಎರಡು ತುದಿ ಮುಂದೆ ತಂದು ಅಂಟಿಸಬಹುದು. ಹಾಕಲು ಇದೇ ಸಲೀಸು. ನಡೆಯಲು ಅಲ್ಲ: ಪಾದ ಜೋತಿದ್ದರೆ ಹೆಬ್ಬೆರಳು ಅಂಚಿಗೆ ಸಿಕ್ಕಿ ಬೀಳುತ್ತಾರೆ. ಅಂಚು ಕಣಕಾಲಿಗಿಂತ ನಾಲ್ಕು ಬೆರಳು ಮೇಲಿರಲಿ.

ದಿನಬಳಕೆಗೆ ಒಂದು ಇಂಚಿನ ಎಲಾಸ್ಟಿಕ್‌ನ ಪೈಜಾಮವೇ ಮೇಲು. ಸೋತ ಕಾಲನ್ನು ಇನ್ನೊಂದು ಮೊಣಕಾಲ ಮೇಲಿಟ್ಟು ಮೊದಲು ಅದಕ್ಕೆ ಹಾಕಿ. ನಿಲ್ಲುವುದು ಸೊಂಟ ದಾಟಿಸಲು ಮಾತ್ರ; ನಿಲ್ಲಲು ಭಯವಾದರೆ ಮಂಚದಲ್ಲಿ ಮಲಗಿ ಸೊಂಟ ಎತ್ತಿ ಎಳೆದುಕೊಳ್ಳಿ. ಅವಸರದ ಮೂತ್ರವಿರುವವರಿಗೂ ಇದೇ ಬೇಗ ಇಳಿಯುತ್ತದೆ.