ಗಾಲ್‌ಬ್ರೇತ್ ಅರ್ಜಿ: ಎಲ್ಲಿ ಫಲಿಸುತ್ತದೆ, ಎಲ್ಲಿ ಬೀಳುತ್ತದೆ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ರೌನ್ ಕೋರ್ಟಿನಲ್ಲಿ ಆರೋಪಿಗೆ ಸಿಗುವ ಸವಲತ್ತುಗಳಲ್ಲಿ ನಮ್ಮ ಮಟ್ಟಿಗೆ ಅತ್ಯಂತ ಬೆಲೆಬಾಳುವುದು ಗಾಲ್‌ಬ್ರೇತ್ ಅರ್ಜಿ. ಪ್ರಾಸಿಕ್ಯೂಷನ್ ತನ್ನ ಸಾಕ್ಷ್ಯ ಮುಗಿಸಿದ ಮೇಲೆ, ಜ್ಯೂರಿಯನ್ನು, ಅಂದರೆ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡವನ್ನು, ಹೊರಗೆ ಕಳಿಸಿ, ‘ಉತ್ತರ ಕೊಡುವಷ್ಟು ಕೇಸೇ ಇಲ್ಲ’ ಎಂದು ಆರೋಪಿ ಪರ ವಕೀಲರು ವಾದಿಸುತ್ತಾರೆ. ನ್ಯಾಯಾಧೀಶರು ಒಪ್ಪಿದರೆ ಆರೋಪಿ ಸಾಕ್ಷಿ ಕಟಕಟೆ ಹತ್ತುವ ಮೊದಲೇ ಖುಲಾಸೆ.

ಅಳತೆಗೋಲು 1981ರ ಗಾಲ್‌ಬ್ರೇತ್ ತೀರ್ಪಿನದು. ಅಪರಾಧವನ್ನು ಆರೋಪಿ ಮಾಡಿದ ಎನ್ನಲು ಸಾಕ್ಷ್ಯವೇ ಇಲ್ಲದಿದ್ದರೆ ಕೇಸು ಅಲ್ಲಿಗೇ ನಿಲ್ಲುತ್ತದೆ, ಇದರಲ್ಲಿ ತಕರಾರಿಲ್ಲ. ಕಷ್ಟವಿರುವುದು ಸಾಕ್ಷ್ಯ ಇದ್ದೂ ಬಡಕಲಾಗಿರುವಾಗ. ಅದನ್ನು ಪ್ರಾಸಿಕ್ಯೂಷನ್‌ಗೆ ಅತ್ಯಂತ ಅನುಕೂಲವಾಗುವಂತೆ ಓದಿದರೂ, ಸರಿಯಾದ ಸೂಚನೆ ಪಡೆದ ಜ್ಯೂರಿ ಶಿಕ್ಷಾರ್ಹನೆನ್ನಲು ಸಾಧ್ಯವಿಲ್ಲ ಎಂದಾದರೆ ಮಾತ್ರ ನಿಲ್ಲಿಸಬೇಕು. ಸಾಕ್ಷಿ ನಂಬಿಕೆಗೆ ಅರ್ಹನೇ ಎಂಬುದರ ಮೇಲೆ ಕೇಸು ನಿಂತಿದ್ದರೆ, ಆ ತೀರ್ಮಾನ ಜ್ಯೂರಿಯದು. ನ್ಯಾಯಾಧೀಶರು ಜ್ಯೂರಿಯ ಜಾಗದಲ್ಲಿ ಕೂರದಂತೆ ತಡೆಯುವ ಈ ಗೆರೆಯೇ ಈ ಪರೀಕ್ಷೆಯ ದೊಡ್ಡ ಗುಣ.

ಹೆಚ್ಚಿನ ಅರ್ಜಿಗಳು ಬೀಳುವುದೂ ಇದೇ ಗೆರೆಗೆ ತಾಗಿ. ಪಾಟೀಸವಾಲಿನಲ್ಲಿ ಸಾಕ್ಷಿ ತೊದಲಿದ, ಹೇಳಿಕೆ ಬದಲಿಸಿದ ಎಂದು ಪಟ್ಟಿ ಓದಿದರೆ ಸಾಮಾನ್ಯವಾಗಿ ಏನೂ ಗಿಟ್ಟುವುದಿಲ್ಲ. ಬದಲಿಗೆ ಆರೋಪವನ್ನು ಅದರ ಅಂಶಗಳಾಗಿ ಬಿಡಿಸಿ. ಕಳವಾದರೆ: ವಸ್ತು ಬೇರೆಯವರದೇ, ಆರೋಪಿ ಅದನ್ನು ತನ್ನದಾಗಿಸಿಕೊಂಡನೇ, ಅಪ್ರಾಮಾಣಿಕತೆ ಇತ್ತೇ, ಶಾಶ್ವತವಾಗಿ ಕಸಿಯುವ ಉದ್ದೇಶವಿತ್ತೇ. ಪ್ರತಿಯೊಂದರ ಎದುರು ಸಾಕ್ಷ್ಯ ಬರೆಯುತ್ತ ಹೋಗಿ. ಖಾಲಿ ಉಳಿದ ಸಾಲೇ ನಿಮ್ಮ ವಾದ.

ಗುರುತು ಹಿಡಿದ ಸಾಕ್ಷ್ಯದಲ್ಲಿ ಅರ್ಜಿಗೆ ಹೆಚ್ಚು ಬಲ. ಮಬ್ಬು ಬೆಳಕಿನ ಕ್ಷಣಿಕ ನೋಟವಷ್ಟೇ ಇದ್ದು ಬೇರೆ ಆಧಾರ ಇಲ್ಲದಿದ್ದರೆ, ಸಾಕ್ಷಿ ಎಷ್ಟೇ ಪ್ರಾಮಾಣಿಕನಾದರೂ, 1976ರ ಟರ್ನ್‌ಬುಲ್ ತೀರ್ಪಿನಂತೆ ಕೇಸನ್ನು ಜ್ಯೂರಿಯಿಂದ ಹಿಂತೆಗೆಯಬೇಕು. ಡಿಎನ್‌ಎ ವಿಷಯದಲ್ಲಿ ಅಷ್ಟು ಆಸೆ ಬೇಡ: ಅಪರಾಧಕ್ಕೆ ಸಂಬಂಧಿಸಿದ ವಸ್ತುವಿನ ಮೇಲಿನ ಡಿಎನ್‌ಎ ಒಂದೇ ಇದ್ದರೂ ಕೇಸು ಜ್ಯೂರಿಗೆ ಹೋಗಬಹುದು ಎಂದು 2017ರ ಟ್ಸೆಕಿರಿ ತೀರ್ಪು ಹೇಳಿದೆ. ಆ ವಸ್ತು ಸುಲಭವಾಗಿ ಕೈ ಬದಲಿಸುವಂಥದೇ, ಡಿಎನ್‌ಎ ಅಲ್ಲಿಗೆ ಬರಲು ಬೇರೆ ಕಾರಣ ಉಂಟೇ ಎಂಬುದೇ ಅಲ್ಲಿ ಮುಖ್ಯ.

ಗೆದ್ದರೂ ಒಂದು ಕೊಂಡಿ ಉಳಿಯುತ್ತದೆ. 2003ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 58ನೇ ಕಲಮಿನಡಿ ಪ್ರಾಸಿಕ್ಯೂಷನ್ ಮೇಲ್ಮನವಿ ಹೋಗಬಹುದು. ಆದರೆ ಅನುಮತಿ ಸಿಗದಿದ್ದರೆ ಖುಲಾಸೆಗೆ ಒಪ್ಪುತ್ತೇವೆಂದು ಮೊದಲೇ ಹೇಳಬೇಕು. ಸೋತರೆ, ಆರೋಪಿ ಮುಂದೆ ಸಾಕ್ಷಿ ಕಟಕಟೆಯಲ್ಲಿ ತಪ್ಪೊಪ್ಪಿಕೊಂಡರೂ, ಅರ್ಜಿ ತಳ್ಳಿದ್ದೇ ತಪ್ಪೆಂದಾದರೆ ಅಪರಾಧಿ ಎಂಬ ತೀರ್ಪು ರದ್ದಾಗಬಹುದು ಎಂಬುದು 1999ರ ಸ್ಮಿತ್ ತೀರ್ಪಿನ ನಿಲುವು. ಆದ್ದರಿಂದ ಯಾವ ಅಂಶಕ್ಕೆ ಸಾಕ್ಷ್ಯವಿಲ್ಲ ಎಂಬುದನ್ನು ಬರವಣಿಗೆಯಲ್ಲೇ ಸಲ್ಲಿಸಿಡಿ.