ಕಥೆ ಜೊತೆ ಜಾಝ್: ದುರ್ಗದಲ್ಲಿ ಲೈಬ್ರರಿಗೋಸ್ಕರ ಮಾಡಿದ ಸಂಜೆ ಹೆಂಗಿತ್ತು

ಇನ್ನೂರು ರೂಪಾಯಿ ಟಿಕೆಟ್ಟಿಗೆ ಇಷ್ಟು ಒಳ್ಳೆ ಕಾರ್ಯಕ್ರಮ ಚಿತ್ರದುರ್ಗದಲ್ಲಿ ನಾನು ನೋಡಿರ್ಲಿಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಚಳ್ಳಕೆರೆ ಕಡೆ ಒಂದು ಹಟ್ಟಿಯ ಸರ್ಕಾರಿ ಶಾಲೆಗೆ ಲೈಬ್ರರಿ ಮಾಡ್ಬೇಕು ಅಂತ ಕೆಲವು ಮೇಷ್ಟ್ರುಗಳು, ಹಳೆ ವಿದ್ಯಾರ್ಥಿಗಳು ಸೇರ್ಕೊಂಡು ಮಾಡಿದ್ದು. ಸಹಾಯಾರ್ಥ ಅಂದ್ರೆ ನಮ್ಮ ಕಡೆ ನಾಟಕ ಇಲ್ಲಾಂದ್ರೆ ಆರ್ಕೆಸ್ಟ್ರಾ, ಇವ್ರು ಮಾತ್ರ ಮೂರು ಜನ ಕಥೆ ಹೇಳೋರನ್ನ ಕೂರಿಸಿ ಹಿಂದೆ ಬೆಂಗಳೂರಿನ ಒಂದು ಜಾಝ್ ತಂಡ ನಿಲ್ಲಿಸಿದ್ರು. ಸ್ಯಾಕ್ಸೋಫೋನ್, ಟ್ರಂಪೆಟ್, ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ಸ್.

ಜಾಝ್ ಅಂದ್ರೆ ದೊಡ್ಡ ಹೋಟೆಲ್ಲಿನವ್ರ ಮ್ಯೂಸಿಕ್ಕು, ನಮ್ಗೆಲ್ಲಿ ಅರ್ಥ ಆಗುತ್ತೆ ಅಂತ ನನ್ನ ಪಕ್ಕ ಕೂತಿದ್ದ ಅಣ್ಣ ಒಬ್ರು ಅಂದ್ರು. ಅವ್ರು ಹೇಳಿದ್ರಲ್ಲೂ ಸ್ವಲ್ಪ ನಿಜ ಐತೆ, 1930ರ ದಶಕದಲ್ಲಿ ಬಾಂಬೆ ತಾಜ್ ಹೋಟೆಲಲ್ಲಿ ಜಾಝ್ ನುಡಿಸ್ತಿದ್ರು, ಆಮೇಲೆ ಆ ಕಾಲದ ಎಷ್ಟೋ ಗೋವಾ ಕಲಾವಿದರು ಹಿಂದಿ ಸಿನಿಮಾ ಆರ್ಕೆಸ್ಟ್ರಾಗೆ ಸೇರಿದ್ರು. ಆದ್ರೆ ಅದು ಬೆಳೆದಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಬೀದಿಲಿ, ಗುಲಾಮಗಿರಿ ಕಂಡಿದ್ದ ಕರಿಯ ಜನರ ಮಕ್ಕಳು ಮೊಮ್ಮಕ್ಕಳ ಕೈಲಿ, ಅಲ್ಲಿ ಮಣ್ಣಿಗೆ ಹೋಗುವಾಗ್ಲೂ ಮೆರವಣಿಗೆಗೂ ಬ್ಯಾಂಡ್ ಸೆಟ್ ನುಡಿಸ್ತಿದ್ರಲ್ಲ, ಅದರಲ್ಲೇ. ಸ್ಯಾಕ್ಸೋಫೋನು ಅಂತೂ ನಮ್ಗೆ ಹೊಸದೇ ಅಲ್ಲ, ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿ ತೋರಿಸಿದ್ರು.

ಮೊದಲ ಕಥೆ ಓಬವ್ವನದು, ಹೇಳಿದ್ದು ರಿಟೈರ್ಡ್ ಮೇಷ್ಟ್ರು. ದುರ್ಗದಲ್ಲಿ ಓಬವ್ವನ ಕಥೆ ಗೊತ್ತಿಲ್ದೇ ಇರೋ ಮಗು ಇಲ್ಲ, ಆದ್ರೂ ಜನ ಉಸಿರು ಬಿಗಿಹಿಡಿದು ಕೇಳಿದ್ರು, ಯಾಕಂದ್ರೆ ಮೇಷ್ಟ್ರು ಯುದ್ಧದಿಂದ ಶುರು ಮಾಡ್ಲಿಲ್ಲ, ಗಂಡನಿಗೆ ಊಟಕ್ಕೆ ಇಟ್ಟು ನೀರು ತರೋಕೆ ಹೊರಟ ಹೆಂಗಸಿನಿಂದ ಶುರು ಮಾಡಿದ್ರು. ಬೇಸ್ ಗಿಟಾರ್ ಒಂದೇ ಸಮ ಹೆಜ್ಜೆ ಹಾಕ್ತಾ ಹೋಯ್ತು, ಡ್ರಮ್ಮರ್ ಕೋಲು ಕೆಳಗಿಟ್ಟು ತಂತಿ ಬ್ರಷ್ ತಗೊಂಡು ಚರ್ಮದ ಮೇಲೆ ಸವರ್ತಾ ಇದ್ದ, ಕಿಂಡಿ ಹತ್ರ ಬಂದಾಗ ಅದೂ ನಿಂತೋಯ್ತು. ಮೊದಲನೇ ಒನಕೆ ಏಟಿಗೆ ಡ್ರಮ್ ಬಾರಿಸ್ತಾರೆ ಅಂತ ಎಲ್ರೂ ಕಾಯ್ತಿದ್ದಾಗ ಅವ್ನು ಬಾರಿಸ್ಲೇ ಇಲ್ಲ, ಮೇಷ್ಟ್ರು ಮಾತೊಂದೇ. ಆಮೇಲೆ ಗಂಡ ಕಹಳೆ ಮುದ್ದಹನುಮ ಊಟ ಮುಗಿಸಿ ಬಂದು ಹೆಣದ ರಾಶಿ ನೋಡಿ ಕಹಳೆ ಊದ್ತಾನಲ್ಲ, ಅಲ್ಲಿ ಟ್ರಂಪೆಟ್ಟು ಎದ್ದು ನಿಂತ್ಕೊಳ್ತು. ಅಷ್ಟೊತ್ತಿನ ತನಕ ಅಗಲ ಬಾಯಿಗೆ ಮ್ಯೂಟ್ ಅನ್ನೋ ದನಿ ತಗ್ಗಿಸೋ ಮುಚ್ಚಳ ಹಾಕ್ಕೊಂಡು ಗುಸುಗುಸು ಅಂತಿದ್ದ ವಾದ್ಯ ಅದು. ಮೈ ಜುಮ್ಮಂತು. 1779ರಲ್ಲಿ ಕೋಟೆ ಹೈದರಾಲಿ ಕೈ ಸೇರಿದ್ದನ್ನ ಮೇಷ್ಟ್ರು ಒಂದೇ ಸಾಲಲ್ಲಿ ಹೇಳಿ ಮುಗಿಸಿದ್ರು, ಅದೂ ಸರಿಯಾಗೇ ಇತ್ತು.

ಎರಡನೇದು ಹೈವೇಲಿ ಲಾರಿ ಓಡಿಸಿದ ಒಬ್ಬ ಡ್ರೈವರ್ ಹೇಳಿದ ಸ್ವಂತ ಅನುಭವ. ಚೆನ್ನಾಗಿ ಮಾತಾಡಿದ್ರು, ಆದ್ರೆ ಇಲ್ಲಿ ಬ್ಯಾಂಡಿನವ್ರು ಅವ್ರ ಮಾತಿನ ಮೇಲೇ ನುಡಿಸ್ಬಿಟ್ರು, ಅರ್ಧ ಕೇಳಿಸ್ಲಿಲ್ಲ. ಸೌಂಡಿನವ್ರು ಕೀಬೋರ್ಡ್ ಇಳಿಸ್ಬೇಕಿತ್ತು. ಹಿಂದಿನ ಸಾಲಿನಿಂದ ಕೂಗಿ ಹೇಳಿದ್ರೂ ಯಾರೂ ಗಮನಿಸ್ಲಿಲ್ಲ, ಪಾಪ ಆ ಮನುಷ್ಯ ಅಷ್ಟು ದೂರದಿಂದ ಕೆಲಸ ಬಿಟ್ಟು ಬಂದಿದ್ರು.

ಮೂರನೇದಕ್ಕೋಸ್ಕರ ಈ ರಿವ್ಯೂ ಬರೀತಿರೋದು. ಕಾಡುಗೊಲ್ಲರ ಅಜ್ಜ ಒಬ್ರು ಗಣೆ ಅನ್ನೋ ಉದ್ದನೆ ಬಿದಿರಿನ ಕೊಳಲು ಹಿಡ್ಕೊಂಡು ಬಂದ್ರು, ಜುಂಜಪ್ಪನ ಕಾವ್ಯದ ಒಂದು ಭಾಗ, ಜೊತೆಗೆ ಸೊಲ್ಲು ಹಿಡಿಯೋಕೆ, ಅಂದ್ರೆ ಅಜ್ಜ ಹಾಡಿದ ಸಾಲನ್ನ ತಿರುಗಿ ಹಾಡೋಕೆ ಇಬ್ರು. ಕೆಲವರಿಗೆ ಗೊತ್ತಿರ್ಲಿಕ್ಕಿಲ್ಲ, ಜುಂಜಪ್ಪ ಕಾಡುಗೊಲ್ಲರ ದೈವ, ದನ ಕಾಯ್ದವನು, ಅವನ ಕಥೆ ಪುಸ್ತಕಕ್ಕೆ ಬರೋದಕ್ಕಿಂತ ಎಷ್ಟೋ ಮೊದ್ಲಿಂದ ಬಾಯಲ್ಲೇ ಉಳ್ಕೊಂಡು ಬಂದಿರೋದು. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಸಾವಿರಾರು ಹಾಡು ನೆನಪಲ್ಲೇ ಇಟ್ಕೊಂಡಿದ್ದವರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಅವ್ರಿಗೆ ನಾಡೋಜ ಕೊಡ್ತು. ಆ ಸೀಮೆ ಶಾಲೆಲಿ ಲೈಬ್ರರಿ ಇಲ್ಲ ಅನ್ನೋದು ನಂಗೆ ತುಂಬಾ ಬೇಜಾರಿನ ವಿಷಯ.

ಗಣೆಗೆ ಅದರದೇ ಶ್ರುತಿ, ತಿರುಗಿಸಿ ಏರಿಸೋದು ಇಳಿಸೋದು ಆಗಲ್ಲ. ಅದಕ್ಕೆ ಬ್ಯಾಂಡಿನವ್ರೇ ಅಜ್ಜನ ಶ್ರುತಿಗೆ ಬಂದ್ರು. ಕೀಬೋರ್ಡಿನವ್ನು ಬಟನ್ ಒತ್ತಿ ಶ್ರುತಿ ಬದಲಾಯಿಸ್ಕೊಂಡ, ಬೇಸಿನವ್ನು ತಂತಿ ತಿರುಗಿಸಿದ, ಸ್ಯಾಕ್ಸೋಫೋನ್ ಹುಡುಗಿ ಬಾಯಿಗಿಡೋ ತುಂಡನ್ನ ಸ್ವಲ್ಪ ಹೊರಗೆಳೆದು ತುಟಿ ಬಿಗಿಯಲ್ಲೇ ಸರಿಮಾಡ್ಕೊಂಡ್ಳು. ಸಭೆ ಎದುರಿಗೇ ಇದೆಲ್ಲ ನಡೀತು, ಯಾರಿಗೂ ಬೋರ್ ಆಗ್ಲಿಲ್ಲ. ಸ್ಯಾಕ್ಸೋಫೋನು ನೋಡೋಕೆ ಹಿತ್ತಾಳೆ ಆದ್ರೂ ದನಿ ಹುಟ್ಟೋದು ಜೊಂಡಿನ ಚಕ್ಕೆಯಿಂದ ಅಂತ ಅವ್ಳು ಬಿಚ್ಚಿ ತೋರಿಸಿದಾಗ ಅಜ್ಜ ಅದನ್ನ ಬೆರಳಲ್ಲಿ ಮುಟ್ಟಿ ನೋಡಿ ತಲೆ ಆಡಿಸಿದ್ರು.

ಆಮೇಲೆ ಶುರುವಾಯ್ತು ನೋಡಿ. ಜಾಝಿಗೆ ಬೇರಾದ ಅಮೆರಿಕದ ಕರಿಯ ಜನರ ಬ್ಲೂಸ್ ಹಾಡಲ್ಲಿ ಒಂದು ಸಾಲು ಹಾಡ್ತಾರೆ, ಅದನ್ನೇ ಇನ್ನೊಂದ್ಸಲ ಹಾಡ್ತಾರೆ, ಮೂರನೇ ಸಾಲಲ್ಲಿ ಉತ್ತರ, ಪ್ರತಿ ಸಾಲಿನ ಕೊನೇಲಿ ವಾದ್ಯಕ್ಕೆ ಜಾಗ ಬಿಡ್ತಾರೆ. ಇಲ್ಲಿ ಅಜ್ಜ ಸೊಲ್ಲು ಎತ್ತಿಕೊಟ್ರು, ಇಬ್ರು ಅದನ್ನೇ ಹಿಡಿದ್ರು, ಉಳಿದ ಜಾಗದಲ್ಲಿ ಗಣೆ, ಗಣೆ ನಿಂತ ಕಡೆ ಸ್ಯಾಕ್ಸೋಫೋನ್. ಯಾರೂ ಯಾರ ಮೇಲೂ ಬೀಳ್ಲಿಲ್ಲ. ರಿಹರ್ಸಲ್ ಮಾಡಿದ್ದು ಅದೇ ಮಧ್ಯಾಹ್ನ ಮಾತ್ರ ಅಂತೆ. ಎರಡೂ ಕಡೆಯವ್ರಿಗೆ ಕೇಳಿಸ್ಕೊಂಡು ನುಡಿಸೋದು ಬಾಲ್ಯದಿಂದ ಅಭ್ಯಾಸ ಆಗಿರೋದ್ರಿಂದ್ಲೇ ಇದು ಸಾಧ್ಯ ಆಯ್ತು ಅಂತ ನಂಗನ್ಸುತ್ತೆ, ಡ್ರೈವರಣ್ಣನ ಕಥೆಲಿ ತಪ್ಪಿಹೋಗಿದ್ದೂ ಈ ಕೇಳಿಸ್ಕೊಳ್ಳೋದೇ. ಹುಡುಗಿ ಒಂದು ಸುತ್ತು ಒಬ್ಳೇ ನುಡಿಸಿ ಮುಗಿಸಿದಾಗ ಮಧ್ಯದಲ್ಲೇ ಚಪ್ಪಾಳೆ ಹೊಡೀಬಹುದು, ಜಾಝಲ್ಲಿ ಅದು ರೂಢಿ ಅಂತ ನಿರೂಪಕರು ಮೊದ್ಲೇ ಹೇಳಿದ್ರು, ಆದ್ರೂ ಜನ ಅಜ್ಜನ ಮುಖ ನೋಡಿ ಸುಮ್ನಿದ್ರು, ಅಜ್ಜನೇ ಮೊದ್ಲು "ಭಲೇ" ಅಂದ್ರು. ಅಷ್ಟೇ, ಹಾಲ್ ಎದ್ದೋಯ್ತು.

ಸನ್ಮಾನ, ಶಾಲು, ಹಾರ ಇದಕ್ಕೆ ಬಹಳ ಹೊತ್ತು ತಗೊಂಡ್ರು, ಶುರುವಾಗಿದ್ದೂ ಲೇಟು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಿಸಿ ಬಿಸಿ ಇತ್ತು, ಟೀ ಬೇಗ ಖಾಲಿ. ದುಡ್ಡಿನ ವಿಷಯದಲ್ಲಿ ಮಾತ್ರ ಎಲ್ಲ ಸಂಘದವ್ರೂ ಇವ್ರನ್ನ ನೋಡಿ ಕಲೀಬೇಕು, ಹಾಲ್ ಬಾಡಿಗೆ, ಬ್ಯಾಂಡಿನವ್ರ ಬಸ್ ಚಾರ್ಜು, ಅಜ್ಜನಿಗೆ ಕೊಟ್ಟ ಗೌರವಧನ ಎಲ್ಲ ಓದಿ ಹೇಳಿ, ಉಳಿದಿದ್ದೆಷ್ಟು ಅಂತ ಬೋರ್ಡ್ ಮೇಲೆ ಬರೆದ್ರು, ಶಾಲೆ ಹೆಡ್ ಮೇಡಂ ಅಲ್ಲೇ ಇದ್ರು.

ಮತ್ತೆ ಮಾಡ್ತಾರಂತೆ. ಮಾಡಿದ್ರೆ ಮಕ್ಕಳನ್ನ ಕರ್ಕೊಂಡು ಹೋಗಿ, ಬೇಗ ಹೋಗಿ ಮುಂದಿನ ಸಾಲು ಹಿಡೀರಿ. ಮಾಡೋರಿಗೆ ನಂದೊಂದು ಕೋರಿಕೆ, ಕಥೆ ಹೇಳೋರ ಮೈಕ್ ನೋಡ್ಕೊಳ್ಳೋಕೆ ಅಂತ್ಲೇ ಒಬ್ರನ್ನ ಇಡಿ, ಆ ಡ್ರೈವರಣ್ಣನನ್ನ ಇನ್ನೊಂದ್ಸಲ ಕರೀರಿ.